ಕಫೀಲರ ಪಿಸ್ತೂಲಿಗೆ ಕಾರಿನಲ್ಲಿ ಒಂದು ಜಾಗ

ಸೈನ್ಸ್ ಓದಿದವನಿಗೆ ಎಲ್ಲವೂ ಗೊತ್ತಿರುತ್ತದೆ ಎಂಬ ನಂಬಿಕೆ ಜನರಲ್ಲಿ ಇರುವವರೆಗೆ ನನ್ನಂಥವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಊರಿನಲ್ಲಿದ್ದಾಗ ಪಕ್ಕದ ಮನೆಯವರು ಹಾಡದ ರೇಡಿಯೋ ತಂದಿಡುತ್ತಿದ್ದರು. "ಬಿ.ಎಸ್ಸಿ. ಅಲ್ಲವಾ, ಸ್ವಲ್ಪ ನೋಡು." ನಾನು ಓದಿದ್ದು ಕೆಮಿಸ್ಟ್ರಿ ಎಂದರೆ, "ಅದೂ ಸೈನ್ಸೇ ಅಲ್ಲವಾ" ಎನ್ನುತ್ತಿದ್ದರು. ಕುವೈತಿನಲ್ಲಿ ನನ್ನ ಮುಂದೆ ತಂದಿಟ್ಟದ್ದು ಪಿಸ್ತೂಲು.

1990ರಲ್ಲಿ ಇರಾಕಿನ ಸೈನ್ಯ ನುಗ್ಗಿದಾಗ ಎಲ್ಲರಂತೆ ನಾನೂ ಅಮ್ಮಾನಿನ ದಾರಿಯಿಂದ ಊರಿಗೆ ಓಡಿದ್ದೆ. ಯುದ್ಧ ಮುಗಿದ ಮೇಲೆ, ಮುಂದಿನ ಬೇಸಿಗೆಯಲ್ಲಿ, ಕಫೀಲ್ ಮತ್ತೆ ಕರೆಸಿಕೊಂಡರು. ಕಫೀಲ್ ಎಂದರೆ ನನ್ನ ವೀಸಾದ ಯಜಮಾನ. ಶರ್ಕ್‌ನಲ್ಲಿ ಅವರ ಕಂಪನಿ, ನೀರು ಶುದ್ಧ ಮಾಡುವ ರಾಸಾಯನಿಕಗಳ ವ್ಯಾಪಾರ. ನಾನು ಅಲ್ಲಿನ ಪ್ರಯೋಗಾಲಯದ ಕೆಮಿಸ್ಟ್. ವಾಪಸು ಬಂದು ನೋಡಿದರೆ ಪ್ರಯೋಗಾಲಯದ ತಕ್ಕಡಿ, ಫ್ರಿಜ್, ಏಸಿ, ಕುರ್ಚಿ ಎಲ್ಲವನ್ನೂ ಸೈನಿಕರು ಹೊತ್ತೊಯ್ದಿದ್ದರು. ಕಬ್ಬಿಣದ ಸ್ಟ್ಯಾಂಡುಗಳನ್ನು ಮಾತ್ರ ಬಿಟ್ಟಿದ್ದರು. ಕಂಪನಿಯ ಡ್ರೈವರ್ ಊರಿಂದ ಬಂದಿರಲಿಲ್ಲ. ಹಾಗಾಗಿ ನಾನು ಕಫೀಲರ ಕಾರು ಓಡಿಸುತ್ತಿದ್ದೆ. ಹುದ್ದೆಯ ಹೆಸರು ಮಾತ್ರ ಕೆಮಿಸ್ಟ್ ಎಂದೇ ಉಳಿದಿತ್ತು.

1. ಷರತ್ತುಗಳು

ಕಫೀಲ್ ಒಂದು ಬೆಳಿಗ್ಗೆ ಪ್ರಯೋಗಾಲಯದ ಮೇಜಿನ ಮೇಲೆ ಟವೆಲಿನ ಗಂಟೊಂದನ್ನು ಇಟ್ಟು ಬಿಚ್ಚಿದರು. ಒಳಗೆ ಪಿಸ್ತೂಲು. ಓಡಿಹೋದವರು ಬಿಟ್ಟದ್ದೋ, ನೆಂಟರು ಕೊಟ್ಟದ್ದೋ, ನಾನು ಕೇಳಲಿಲ್ಲ. ಆ ತಿಂಗಳುಗಳಲ್ಲಿ ಕುವೈತಿನಲ್ಲಿ ಪಿಸ್ತೂಲು ಸಿಗುವುದು ಸುಲಭವಿತ್ತು. ಒಳ್ಳೆಯ ಟೊಮೆಟೊ ಸಿಗುವುದು ಕಷ್ಟವಿತ್ತು.

"ನೀನು ಸೈನ್ಸ್ ಅಲ್ಲವಾ?"

"ಕೆಮಿಸ್ಟ್ರಿ."

"ಸರಿಯೇ. ಇದನ್ನು ಕಾರಿನಲ್ಲಿ ಇಡಲು ಒಂದು ಜಾಗ ಹುಡುಕು. ಎರಡೇ ಷರತ್ತು. ನನಗೆ ಆರಾಮವಾಗಿರಬೇಕು. ಅದು ಭದ್ರವಾಗಿರಬೇಕು."

"ಮನೆಯಲ್ಲೇ ಇಟ್ಟರೆ?"

"ಮದಾಮ್ ಬಿಡುವುದಿಲ್ಲ."

ಮದಾಮ್ ಎಂದರೆ ಅವರ ಹೆಂಡತಿ. ಏಳು ತಿಂಗಳು ಇರಾಕಿಗಳನ್ನು ಸಹಿಸಿದವರು. ಗಂಡನ ಕೈಯಲ್ಲಿ ಪಿಸ್ತೂಲನ್ನು ಏಳು ನಿಮಿಷವೂ ಸಹಿಸಲಿಲ್ಲ.

ಹೀಗೆ ಪಿಸ್ತೂಲು ಕಾರಿನಲ್ಲಿ ಉಳಿಯಿತು. ಕಾರು ರಾತ್ರಿಯಿಂದ ಬೆಳಗಿನವರೆಗೆ ನನ್ನ ಬಳಿ, ಬ್ನೇದ್ ಅಲ್ ಗಾರಿನ ನಮ್ಮ ಕಟ್ಟಡದ ಕೆಳಗೆ ಉಳಿಯುತ್ತಿತ್ತು. ತೊಂದರೆ ಅಲ್ಲೇ. ಪಿಸ್ತೂಲು ಕುವೈತಿಯ ಪಕ್ಕದಲ್ಲಿದ್ದರೆ ಅದು ಮನೆತನದ ವಸ್ತು. ನನ್ನ ಪಕ್ಕದಲ್ಲಿದ್ದರೆ ಅಪರಾಧ. ದಾರಿಯುದ್ದಕ್ಕೂ ಚೆಕ್‌ಪೋಸ್ಟುಗಳು. ಸಿಕ್ಕಿಬಿದ್ದರೆ ಮೊದಲು ಜೈಲು, ಆಮೇಲೆ ವಿಮಾನ. ಬೇಡ ಎನ್ನುವಂತೆಯೂ ಇರಲಿಲ್ಲ. ನನ್ನ ಇಕಾಮಾ, ಎಂದರೆ ಅಲ್ಲಿ ವಾಸಮಾಡುವ ಪರವಾನಗಿ, ಇನ್ನೂ ಆಗಿರಲಿಲ್ಲ. ಅರ್ಜಿ ತುಂಬಿಯಾಗಿತ್ತು. ಕಫೀಲರ ಸಹಿಯೊಂದು ಬಾಕಿ. ಕೇಳಿದಾಗಲೆಲ್ಲ ಅವರು "ಬಾಚರ್, ಇನ್ಶಾಅಲ್ಲಾ" ಎನ್ನುತ್ತಿದ್ದರು. ನಾಳೆ, ದೇವರ ಇಚ್ಛೆಯಿದ್ದರೆ. ದೇವರ ಇಚ್ಛೆಯ ಬಗ್ಗೆ ನನಗೆ ಅನುಮಾನವಿರಲಿಲ್ಲ. ಪೆನ್ನಿನ ಬಗ್ಗೆ ಇತ್ತು.

ಪಿಸ್ತೂಲನ್ನು ಎತ್ತಿ ನೋಡುವ ಮೊದಲು ಕೇಳಿದೆ: "ಇದರಲ್ಲಿ ಗುಂಡಿದೆಯಾ?"

"ಇಲ್ಲ. ಗುಂಡುಗಳನ್ನು ಮದಾಮ್ ಒಡವೆಯ ಕಪಾಟಿನಲ್ಲಿ ಹಾಕಿ ಬೀಗ ಹಾಕಿದ್ದಾಳೆ."

"ಹಾಗಾದರೆ ದಾರಿಯಲ್ಲಿ ಕಳ್ಳ ಅಡ್ಡ ಹಾಕಿದರೆ?"

"ಪಿಸ್ತೂಲು ತೋರಿಸುತ್ತೇನೆ."

"ಅವನ ಹತ್ತಿರವೂ ಒಂದು ಇದ್ದರೆ?"

ಕಫೀಲ್ ಗಂಭೀರವಾಗಿ ಯೋಚಿಸಿದರು. "ಆಗ ನೀನು ಜೋರಾಗಿ ಓಡಿಸು."

2. ಸೊಂಟವಿಲ್ಲದ ಉಡುಪು

ಸಿನಿಮಾದವರು ಪಿಸ್ತೂಲನ್ನು ಸೊಂಟದಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ಸೊಂಟಕ್ಕೆ ಬೆಲ್ಟ್ ಇರುತ್ತದೆ. ಕುವೈತಿಗಳು ತೊಡುವ ದಿಶ್ದಾಶಾ ಎಂಬ ಬಿಳಿ ನಿಲುವಂಗಿ ಕುತ್ತಿಗೆಯಿಂದ ಪಾದದವರೆಗೆ ಒಂದೇ ಇಳಿಜಾರು. ನಡುವೆ ಎಲ್ಲೂ ನಿಲ್ದಾಣವಿಲ್ಲ.

ಮೊದಲು ಪಕ್ಕದ ಜೇಬಿನಲ್ಲಿ ಇಟ್ಟು ನೋಡಿದೆವು. ಪಿಸ್ತೂಲಿನ ತೂಕಕ್ಕೆ ನಿಲುವಂಗಿ ಬಲಕ್ಕೆ ಜಗ್ಗಿತು, ಕುತ್ತಿಗೆಯ ಗುಂಡಿ ಗಂಟಲನ್ನು ಒತ್ತಿತು, ಕಫೀಲರ ಎಡ ಭುಜ ಮೇಲಕ್ಕೆ ಹೋಯಿತು. ಆ ಭಂಗಿಯಲ್ಲೇ ಅವರು ಸಂಜೆ ಗೆಳೆಯರು ಸೇರುವ ದಿವಾನಿಯಾಕ್ಕೆ ಹೋದರು. ಅಲ್ಲಿ ಯಾರಿಗೂ ಪಿಸ್ತೂಲು ಕಾಣಲಿಲ್ಲ. ಬೆನ್ನುನೋವು ಎಲ್ಲರಿಗೂ ಕಂಡಿತು. ಒಬ್ಬರು ಬಿಸಿ ಮರಳು ಒಳ್ಳೆಯದೆಂದರು. ಇನ್ನೊಬ್ಬರು ತಮ್ಮ ಮಾಲೀಸಿನವನನ್ನು ಅಲ್ಲಿಗೇ ಕರೆಸಿದರು. ಕಫೀಲ್ ನಿಜ ಹೇಳುವಂತಿರಲಿಲ್ಲ. ಎಣ್ಣೆ ಹಚ್ಚಿಸಿಕೊಂಡು ಬಂದು ಕಾರಿನಲ್ಲಿ ಕುಳಿತು, "ಜೇಬು ಬೇಡ" ಎಂದರು.

ಎರಡನೆಯದು, ನಿಲುವಂಗಿಯ ಮೇಲೆ ಚರ್ಮದ ಬೆಲ್ಟ್. ನಮ್ಮ ಕಂಪನಿಯ ಅಕೌಂಟೆಂಟರು ಮಂಗಳೂರಿನವರು, ಕೊಂಕಣಿ ಮಾತಾಡುವ ಕ್ರಿಸ್ತುವರು, ನನಗಿಂತ ಬಹಳ ಹಿರಿಯರು. ಯುದ್ಧದ ನಂತರ ಹೆಂಡತಿ ಮಕ್ಕಳನ್ನು ಊರಿನಲ್ಲೇ ಬಿಟ್ಟು ಬಂದು ನಮ್ಮ ರೂಮಿನಲ್ಲೇ ಇದ್ದರು. ಅವರು ಬೆಲ್ಟ್ ಕಟ್ಟಿದ ಕಫೀಲರನ್ನು ಮೇಲಿಂದ ಕೆಳಗೆ ನೋಡಿ ನನಗೆ ಕನ್ನಡದಲ್ಲಿ, "ಇಗರ್ಜಿಯ ಬ್ಯಾಂಡಿನಲ್ಲಿ ಡೋಲು ಬಡಿಯುವವನ ಹಾಗೆ ಉಂಟು ಮಾರಾಯ" ಎಂದರು. ಕಫೀಲ್ ಕನ್ನಡಿಯಲ್ಲಿ ನೋಡಿಕೊಂಡು, ಕನ್ನಡ ಬಾರದಿದ್ದರೂ, ಅದೇ ಅಭಿಪ್ರಾಯಕ್ಕೆ ಬಂದರು.

ಮೂರನೆಯದು, ಬೆಲ್ಟ್ ಒಳಗೆ, ನಿಲುವಂಗಿ ಮೇಲೆ. ಕಾಣುವುದಿಲ್ಲ, ಜಗ್ಗುವುದಿಲ್ಲ, ಒತ್ತುವುದಿಲ್ಲ. ಕಫೀಲ್ ಸಂತೋಷಪಟ್ಟರು. ಒಂದು ಅಭ್ಯಾಸ ಆಗಿಬಿಡಲಿ ಎಂದೆ. ಅವರು ಕಾರಿನ ಮುಂದಿನ ಸೀಟಿನಲ್ಲಿ ಕುಳಿತರು, ಅಕೌಂಟೆಂಟರು ಸಾಕ್ಷಿಯಾಗಿ ಹಿಂದೆ ಕುಳಿತರು. ನಾನು ಕಳ್ಳ. ಹೊರಗಿನಿಂದ ಗಾಜು ತಟ್ಟಿದೆ.

ಕಫೀಲ್ ನಿಲುವಂಗಿಯನ್ನು ಮೇಲೆತ್ತಲು ಶುರು ಮಾಡಿದರು. ಪಾದ ಕಂಡಿತು. ಮೊಣಕಾಲು ಕಂಡಿತು. ಬಟ್ಟೆ ಸೀಟಿನಡಿ ಸಿಕ್ಕಿಕೊಂಡಿತ್ತು, ಸ್ವಲ್ಪ ಎದ್ದು ಎಳೆದರು. ಇನ್ನೂ ಮೇಲೆ ಹೋಯಿತು.

"ಸಾಕು, ಸಾಕು," ಎಂದು ಅಕೌಂಟೆಂಟರು ಹಿಂದಿನಿಂದ ಕೂಗಿದರು. "ಕಳ್ಳ ಖಂಡಿತ ಓಡುತ್ತಾನೆ. ಆದರೆ ಪಿಸ್ತೂಲು ನೋಡಿ ಅಲ್ಲ."

3. ಸಲಾಂ ಯಾರಿಗೆ

ಮುಂದಿನ ಜಾಗ ಡ್ಯಾಶ್‌ಬೋರ್ಡಿನ ಪೆಟ್ಟಿಗೆ. ಎಲ್ಲರಿಗೂ ಮೊದಲು ಹೊಳೆಯುವ ಜಾಗ. ಆದ್ದರಿಂದಲೇ ನಾನು ಅದನ್ನು ಬೇಡ ಎಂದಿದ್ದೆ. ಕಾರಿನ ಕಾಗದಗಳೂ ಅಲ್ಲೇ ಇರುವುದು. ಪೊಲೀಸ್ ಕಾಗದ ಕೇಳಿದರೆ ಪೆಟ್ಟಿಗೆ ತೆಗೆಯಬೇಕು. ಪೆಟ್ಟಿಗೆ ತೆಗೆದರೆ ಕಾಗದಕ್ಕಿಂತ ಮೊದಲು ಪಿಸ್ತೂಲೇ ಕಾಣುತ್ತದೆ.

"ಕಾಗದಗಳನ್ನು ಬೇರೆ ಕಡೆ ಇಡೋಣ," ಎಂದೆ.

"ಕಾಗದಗಳು ಯಾವತ್ತೂ ಅಲ್ಲೇ ಇದ್ದವು," ಎಂದರು ಕಫೀಲ್. ಹೊಸಬನಿಗಾಗಿ ಹಳಬರನ್ನು ಎಬ್ಬಿಸಬಾರದು ಎಂಬ ಧಾಟಿ.

ಮರುದಿನವೇ ಚೆಕ್‌ಪೋಸ್ಟಿನಲ್ಲಿ ನಿಲ್ಲಿಸಿದರು. ಸೈನಿಕ ಕಾಗದ ಕೇಳಿದ. ಕಫೀಲ್ ರೂಢಿಯಂತೆ ಪೆಟ್ಟಿಗೆ ತೆರೆದರು. ಪಿಸ್ತೂಲು ಜಾರಿ ಅವರ ತೊಡೆಯ ಮೇಲೆ ಬಿತ್ತು. ನಾನು ಎರಡೂ ಕೈ ಎತ್ತಿದೆ. ಯಾರೂ ಹೇಳಿರಲಿಲ್ಲ.

ಸೈನಿಕ ಬಗ್ಗಿ ನೋಡಿದ. ಕಫೀಲರ ಮುಖ ನೋಡಿದ. ಯಾವ ಮನೆತನ ಎಂದು ಕೇಳಿದ. ಇವರು ಹೇಳಿದರು. ಅವನ ಚಿಕ್ಕಪ್ಪನ ಹೆಂಡತಿ ಇವರ ಸೋದರತ್ತೆಯ ಮಗಳ ನೆರೆಯವಳೆಂದು ಗೊತ್ತಾಯಿತು. ಅಲ್ಲಿಗೆ ಇಬ್ಬರೂ ಒಂದೇ ಮನೆಯವರಾದರು. ಸೈನಿಕ ಪಿಸ್ತೂಲನ್ನು ಕೈಗೆ ತೆಗೆದುಕೊಂಡು, "ಚೆನ್ನಾಗಿದೆ. ಆದರೆ ಹಿಡಿ ಸಣ್ಣದು" ಎಂದು ವಾಪಸು ಕೊಟ್ಟು ಸಲಾಂ ಹೊಡೆದ.

ಹೊರಡುವುದರಲ್ಲಿದ್ದೆವು. ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ, ಇನ್ನೂ ಎತ್ತಿಕೊಂಡೇ ಇದ್ದ ನನ್ನ ಕೈಗಳ ಮೇಲೆ ಬಿತ್ತು.

"ಈ ಹಿಂದಿ ಯಾಕೆ ಹೆದರಿದ್ದಾನೆ? ಇಳಿ."

ಹಿಂದಿ ಎಂದರೆ ಭಾರತದವನು. ಇಳಿದೆ. ಜೇಬು ನೋಡಿದರು. ಚಪ್ಪಲಿ ಬಿಚ್ಚಿಸಿದರು. ಸೀಟಿನ ಮೇಲಿದ್ದ ನನ್ನ ಬುತ್ತಿ ತೆರೆಸಿದರು. ಅದರಲ್ಲಿ ಚಪಾತಿ, ಜೊತೆಗೆ ಒಂದು ಸಣ್ಣ ಬಾಟಲಿಯಲ್ಲಿ ಮಿಡಿ ಉಪ್ಪಿನಕಾಯಿ. ಸೈನಿಕ ಬಾಟಲಿಯನ್ನು ಬೆಳಕಿಗೆ ಹಿಡಿದ, ಅಲ್ಲಾಡಿಸಿದ, ಮುಚ್ಚಳ ತೆಗೆದು ಮೂಸಿ ತಲೆ ಹಿಂದಕ್ಕೆ ಎಳೆದುಕೊಂಡ. ಮೇಲಧಿಕಾರಿಯನ್ನು ಕರೆದ. ಅವರೂ ಮೂಸಿದರು. ಒಳಗಿರುವ ಕಪ್ಪು ಉಂಡೆಗಳು ಏನೆಂದು ಕೇಳಿದರು. ಮಾವಿನಕಾಯಿ ಎಂದೆ. ಇಷ್ಟು ಚಿಕ್ಕ ಮಾವು ಲೋಕದಲ್ಲಿಲ್ಲ ಎಂದರು.

ಕೊನೆಗೆ ಬಾಟಲಿಯನ್ನು ಅಲ್ಲೇ ಇಟ್ಟುಕೊಂಡು ನಮ್ಮನ್ನು ಬಿಟ್ಟರು. ಸ್ವಲ್ಪ ದೂರ ಹೋದ ಮೇಲೆ ಕಫೀಲ್ ಪಿಸ್ತೂಲನ್ನು ಪೆಟ್ಟಿಗೆಗೆ ಹಾಕುತ್ತ ಬುದ್ಧಿ ಹೇಳಿದರು: "ಅಂಥ ಅಪಾಯದ ವಸ್ತುಗಳನ್ನು ಕಾರಿನಲ್ಲಿ ತರಬೇಡ."

4. ಟಿಶ್ಯೂ ಡಬ್ಬಿ

ಕುವೈತಿನ ಕಾರಿನಲ್ಲಿ ಇಂಜಿನ್ ಇಲ್ಲದಿರಬಹುದು, ಟಿಶ್ಯೂ ಡಬ್ಬಿ ಇಲ್ಲದಿರುವುದಿಲ್ಲ. ನಮ್ಮ ಕಾರಿನದಕ್ಕೆ ಕೆಂಪು ವೆಲ್ವೆಟ್ಟಿನ ಕವಚ, ಅಂಚಿಗೆ ಜರಿ. ಮುಂದಿನ ಎರಡು ಸೀಟುಗಳ ನಡುವೆ ಮದುಮಗಳಂತೆ ಕುಳಿತಿರುತ್ತಿತ್ತು.

ಈ ಉಪಾಯ ನನ್ನದೇ. ಅರ್ಧ ಟಿಶ್ಯೂ ತೆಗೆದು, ತಳದಲ್ಲಿ ಪಿಸ್ತೂಲು ಮಲಗಿಸಿ, ಮೇಲೆ ಉಳಿದ ಟಿಶ್ಯೂ ಹಾಸಿದೆ. ಕೈಗೆ ಎಟಕುತ್ತದೆ, ಸದ್ದಿಲ್ಲ, ಹೊಳಪಿಲ್ಲ. ಯಾವ ಸೈನಿಕನೂ ಮತ್ತೊಬ್ಬರ ಟಿಶ್ಯೂ ಡಬ್ಬಿಗೆ ಕೈ ಹಾಕುವುದಿಲ್ಲ.

ಎಲ್ಲವನ್ನೂ ಲೆಕ್ಕ ಹಾಕಿದ್ದೆ, ಹೊಗೆಯೊಂದನ್ನು ಬಿಟ್ಟು. ಆಗ ಎಣ್ಣೆ ಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಈ ಕಡೆ ತಿರುಗಿದರೆ ಮಧ್ಯಾಹ್ನವೇ ದೀಪ ಹಾಕಿ ಓಡಿಸಬೇಕು. ಮೂಗು ಒರೆಸಿದರೆ ಕಾಗದ ಕಪ್ಪು. ಅಂಥ ದಿನ ಕಫೀಲರ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಅಜ್ಜಿ ಹಿಂದೆ, ಕಫೀಲ್ ನನ್ನ ಪಕ್ಕ.

ಬಾವಿಗಳು ಉರಿಯುತ್ತಿದ್ದ ಅಹ್ಮದಿಯ ಕಡೆಯಿಂದ ಕರಿಮೋಡ ಎದ್ದು ಬರುತ್ತಿತ್ತು. ಅಜ್ಜಿ ಸೀನಿದರು. ಮುಂದಕ್ಕೆ ಬಾಗಿ ಒಂದು ಟಿಶ್ಯೂ ಎಳೆದರು. ಮತ್ತೆ ಸೀನಿದರು, ಮತ್ತೊಂದು ಎಳೆದರು. ಕಫೀಲ್ ನನ್ನನ್ನು ನೋಡಿದರು. ನಾನು ರಸ್ತೆ ನೋಡಿದೆ. ಉಳಿಸಿದ್ದು ಅರ್ಧವೇ ಎಂಬುದು ನನಗೆ ಗೊತ್ತಿತ್ತು. ಅಜ್ಜಿಯ ಮೂಗಿಗೆ ಗೊತ್ತಿರಲಿಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸದ್ದು ನಿಂತಿತು. ಕನ್ನಡಿಯಲ್ಲಿ ನೋಡಿದೆ. ಅಜ್ಜಿ ಪಿಸ್ತೂಲನ್ನು ಎರಡು ಬೆರಳಲ್ಲಿ, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತುವ ಹಾಗೆ ಎತ್ತಿ ಹಿಡಿದಿದ್ದರು. ನಾನು ಕಾರನ್ನು ಬದಿಗೆ ನಿಲ್ಲಿಸಿದೆ. ಕಿರುಚುತ್ತಾರೆ ಎಂದುಕೊಂಡೆ. ಅವರು ಕಿರುಚಲಿಲ್ಲ. ಮಗನ ತಲೆಗೆ ಖಾಲಿ ಡಬ್ಬಿಯಿಂದ ಒಂದು ಬಾರಿಸಿದರು.

"ಪಿಸ್ತೂಲು ಇದೆ, ಮೂಗು ಒರೆಸಲು ಕಾಗದವಿಲ್ಲ. ಇದೇನು ಕಾರೋ, ಸರಕಾರವೋ?"

5. ಕ್ಲಾಂಪು

ಉಳಿದದ್ದು ಡ್ರೈವರ್ ಸೀಟಿನ ಕೆಳಗಿನ ಜಾಗ. ಎಂದರೆ ನನ್ನ ಕೆಳಗೆ. ಸಿಕ್ಕಿದರೆ ಯಾರ ಕೆಳಗೆ ಸಿಕ್ಕಿತು ಎಂಬ ಪ್ರಶ್ನೆಗೆ ಎರಡು ಉತ್ತರವಿರುವುದಿಲ್ಲ. ಇಕಾಮಾದ ಅರ್ಜಿಯ ವಿಷಯ ಎತ್ತಲು ಇದೇ ಸಮಯವೆಂದು ಎತ್ತಿದೆ.

"ಬಾಚರ್, ಇನ್ಶಾಅಲ್ಲಾ," ಎಂದರು ಕಫೀಲ್. "ಈಗ ಸೀಟಿನ ಕೆಳಗೆ ಇಡು."

ಇಟ್ಟೆ. ಚಲಿಸುವ ವಸ್ತು ಚಲಿಸುತ್ತಲೇ ಇರಲು ಬಯಸುತ್ತದೆ ಎಂದು ಪಿಯುಸಿಯಲ್ಲಿ ಕಲಿಸಿದ್ದರು. ಶರ್ಕ್‌ನ ವೃತ್ತದಲ್ಲಿ ಸಿಗ್ನಲ್ ಕೆಟ್ಟಿತ್ತು, ನೀರಿನ ಟ್ಯಾಂಕರೊಂದು ಅಡ್ಡ ಬಂತು, ಬ್ರೇಕ್ ಒತ್ತಿದೆ. ಕಾರು ನಿಲ್ಲತೊಡಗಿತು. ಪಿಸ್ತೂಲು ನಿಲ್ಲಲಿಲ್ಲ. ಮುಂದಕ್ಕೆ ಬಂದು ಬ್ರೇಕಿನ ಅಡಿಗೇ ಸೇರಿಕೊಂಡಿತು. ಆಮೇಲೆ ಕಾರೂ ನಿಲ್ಲಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದು ಟ್ಯಾಂಕರಿನ ಹಿಂಭಾಗಕ್ಕೆ ಒಂದು ಗೇಣು ಉಳಿಸಿ ನಿಲ್ಲಿಸಿದೆ. ಆ ಪಿಸ್ತೂಲು ಯಾರನ್ನಾದರೂ ಕೊಲ್ಲುವ ಹತ್ತಿರ ಬಂದದ್ದು ಆಗ ಮಾತ್ರ, ಅದೂ ಗುಂಡಿಲ್ಲದೆ.

ಮರುದಿನ ಪ್ರಯೋಗಾಲಯದಲ್ಲಿ ಖಾಲಿ ಕುಳಿತಿದ್ದಾಗ ಸ್ಟ್ಯಾಂಡುಗಳತ್ತ ಕಣ್ಣು ಹೋಯಿತು. ಉದ್ದನೆಯ ಗಾಜಿನ ಬ್ಯುರೆಟ್ಟನ್ನು ಹಿಡಿದಿಡುವ ಕ್ಲಾಂಪು ಅದರಲ್ಲಿ ಇರುತ್ತದೆ. ಎರಡು ಉಕ್ಕಿನ ಬೆರಳು, ಒಳಗೆ ರಬ್ಬರು. ಒಂದನ್ನು ಬಿಚ್ಚಿ ತಂದು ಸೀಟಿನ ಚೌಕಟ್ಟಿಗೆ ಬಿಗಿದೆ. ಪಿಸ್ತೂಲನ್ನು ಅದರಲ್ಲಿ ಕೂರಿಸಿ ಎರಡು ಸ್ಕ್ರೂ ತಿರುಗಿಸಿದೆ. ಅಲುಗಲಿಲ್ಲ. ಉಬ್ಬುತಗ್ಗಿನಲ್ಲಿ ಓಡಿಸಿದೆ, ಜೋರಾಗಿ ಬ್ರೇಕ್ ಒತ್ತಿದೆ, ವೃತ್ತವನ್ನು ಸುತ್ತಿದೆ. ಅಲುಗಲಿಲ್ಲ. ಬಗ್ಗಿ ನೋಡದ ಹೊರತು ಕಾಣುವುದಿಲ್ಲ. ಕಫೀಲರಿಗೆ ಪಿಸ್ತೂಲು ತಮ್ಮ ಬಳಿ ಇದೆ ಎಂಬುದೇ ಮರೆತುಹೋಗುವಷ್ಟು ಆರಾಮ.

ಅವರು ಬಗ್ಗಿ ನೋಡಿದರು, ಕೈಯಿಂದ ಅಲ್ಲಾಡಿಸಿದರು, ನನ್ನ ಬೆನ್ನು ತಟ್ಟಿದರು. "ಇದು ಸೈನ್ಸ್!" ಆಮೇಲೆ ಪಿಸ್ತೂಲನ್ನು ಎಳೆದರು. ಬರಲಿಲ್ಲ. ಎರಡೂ ಕೈಯಿಂದ ಎಳೆದರು. ಸೀಟು ಬಂತು.

"ಇದನ್ನು ತೆಗೆಯುವುದು ಹೇಗೆ?"

"ಸ್ಕ್ರೂ ಡ್ರೈವರಿನಿಂದ. ಮೊದಲು ಮೇಲಿನದು, ಆಮೇಲೆ ಕೆಳಗಿನದು."

"ಕಳ್ಳ ಬಂದರೆ?"

"ಸ್ವಲ್ಪ ಕಾಯಲು ಹೇಳಬೇಕು."

6. ಪೂಜೆಗೆ ಕೂತ ಆಯುಧ

ಅಕ್ಟೋಬರಿನಲ್ಲಿ ಆಯುಧ ಪೂಜೆ ಬಂತು. ನಮ್ಮ ರೂಮಿನ ಮೂರನೆಯವರು ಉಡುಪಿ ಕಡೆಯವರು, ಒಂದು ಹೋಟೆಲಿನಲ್ಲಿ ಅಡುಗೆಯವರು. ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ದೇವರ ವಿಷಯದಲ್ಲಿ ಅಣ್ಣ ಅರ್ಧಂಬರ್ಧ ಮಾಡುವವರಲ್ಲ. ಪ್ರತಿವರ್ಷ ಆ ದಿನ ರಜೆ ಹಾಕಿ ಚೂರಿ, ಸೌಟು, ಗ್ರೈಂಡರು ಎಲ್ಲವಕ್ಕೂ ಪೂಜೆ ಮಾಡುತ್ತಿದ್ದರು. ಈ ವರ್ಷ ಅಕೌಂಟೆಂಟರ ಕ್ಯಾಲ್ಕುಲೇಟರೂ ಸೇರಿತು. ಅಕೌಂಟೆಂಟರು ಆಕ್ಷೇಪಿಸಲಿಲ್ಲ. ಪಾಯಸ ಇರುತ್ತಿತ್ತು.

"ಕಾರಿಗೂ ಮಾಡಲಾ?" ಎಂದು ಅಣ್ಣ ಬೆಳಿಗ್ಗೆ ಕೇಳಿದರು. ಅವತ್ತು ಕಂಪನಿಗೆ ರಜೆ, ಕಾರು ನನ್ನ ಬಳಿಯೇ ಇತ್ತು. ಚಕ್ರಕ್ಕೆ ಲಿಂಬೆ, ಬಾನೆಟ್ಟಿಗೆ ಹೂ, ಅಷ್ಟೇ ಅಲ್ಲವೇ ಎಂದು ಕೀಲಿ ಕೊಟ್ಟೆ.

ಮಧ್ಯಾಹ್ನ ಕಫೀಲರ ಫೋನು. "ಕಾರು ತೆಗೆದುಕೊಂಡು ಮನೆಗೆ ಬಾ. ಈಗಲೇ. ಯಲ್ಲಾ, ಬೇಗ." ಅಣ್ಣ ಸ್ನಾನಕ್ಕೆ ಹೋಗಿದ್ದರು. ಕೀಲಿ ಮೊಳೆಯಲ್ಲಿತ್ತು. ಕೆಳಗೆ ಓಡಿದೆ. ಬಾನೆಟ್ಟಿನ ಮೇಲೆ ಹಾರ, ಗಾಜಿನ ಮೇಲೆ ಗಂಧ, ಮುಂದಿನ ಬಂಪರಿನುದ್ದಕ್ಕೂ ಕುಂಕುಮ. ಒರೆಸಲು ಹೊತ್ತಿರಲಿಲ್ಲ. ಲಿಂಬೆಗಳ ಮೇಲೆ ಹತ್ತಿಸಿಯೇ ಹೊರಟೆ.

ಚೆಕ್‌ಪೋಸ್ಟಿನ ಸೈನಿಕನಿಗೆ ಮೊದಲು ಕಂಡದ್ದು ಬಂಪರು.

"ಇದು ರಕ್ತವಾ? ಯಾರ ಮೇಲೆ ಹತ್ತಿಸಿದೆ?"

"ಲಿಂಬೆಯ ಮೇಲೆ," ಎಂದೆ. "ಅದು ಕುಂಕುಮ. ಇವತ್ತು ನಮ್ಮ ಈದ್."

"ಯಾವ ಈದ್? ಇವತ್ತು ಯಾವುದಕ್ಕೆ ಪೂಜೆ?"

ಆಯುಧ ಪೂಜೆ ಎಂಬುದನ್ನು ಅರಬ್ಬಿಗೆ ತಿರುಗಿಸಲು ನನಗೆ ಬರುತ್ತಿತ್ತು. ಆಯುಧ ಹುಡುಕುವವನ ಮುಂದೆ, ಆಯುಧದ ಮೇಲೆ ಕುಳಿತು, ಇವತ್ತು ಆಯುಧಗಳ ಹಬ್ಬ ಎನ್ನಬೇಕಿತ್ತು.

"ಕಾರಿಗೆ," ಎಂದೆ.

"ಕಾರಿಗೂ ಈದಾ?"

"ವರ್ಷಕ್ಕೊಮ್ಮೆ."

ಅವನಿಗೆ ನಂಬಿಕೆ ಬರಲಿಲ್ಲ. ನನ್ನನ್ನು ಇಳಿಸಿದ. ಡಿಕ್ಕಿ ನೋಡಿದ, ಪೆಟ್ಟಿಗೆ ನೋಡಿದ, ಆಮೇಲೆ ಮಂಡಿಯೂರಿ ಸೀಟಿನ ಕೆಳಗೆ ಟಾರ್ಚ್ ಬಿಟ್ಟ. ನಾನು ಊರಿಗೆ ಹೋದಂತೆಯೇ ಆಯಿತು ಎಂದು ಕಣ್ಣು ಮುಚ್ಚಿದೆ.

"ಇದೇನು ಕಬ್ಬಿಣದ ಕೈ?"

ಕಣ್ಣು ತೆರೆದು ನಾನೂ ಬಗ್ಗಿದೆ. ಕ್ಲಾಂಪು ಇತ್ತು. ಪಿಸ್ತೂಲು ಇರಲಿಲ್ಲ.

"ಪ್ರಯೋಗಾಲಯದ್ದು. ಬ್ಯುರೆಟ್ ಹಿಡಿಯುವುದಕ್ಕೆ."

"ಹಿಡಿಯುವ ವಸ್ತು ಎಲ್ಲಿ?"

"ನನಗೂ ಅದೇ ಪ್ರಶ್ನೆ," ಎಂದೆ. ಅದಕ್ಕಿಂತ ದೊಡ್ಡ ಸತ್ಯವನ್ನು ನಾನು ಯಾವ ಅಧಿಕಾರಿಗೂ ಹೇಳಿಲ್ಲ. ಅವನು ನನ್ನ ಕೆಮಿಸ್ಟ್ ಕಾರ್ಡ್ ನೋಡಿ, ಸೀಟಿನ ಮೇಲಿದ್ದ ಪ್ರಸಾದದ ಬಾಳೆಹಣ್ಣೊಂದನ್ನು ತೆಗೆದುಕೊಂಡು, "ಕಾರಿಗೆ ಈದ್ ಮುಬಾರಕ್" ಎಂದು ಬಿಟ್ಟ.

ಕಫೀಲ್ ಬಾಗಿಲಲ್ಲೇ ಕಾಯುತ್ತಿದ್ದರು. ಆಯುಧಗಳನ್ನು ಠಾಣೆಗೆ ಒಪ್ಪಿಸಿ ಎಂದು ಸರಕಾರ ಮೊದಲಿನಿಂದಲೂ ಹೇಳುತ್ತಿತ್ತು. ಇವರು ಅದಕ್ಕೂ ಬಾಚರ್ ಎಂದಿದ್ದರು. ಈಗ ಮಂತ್ರಾಲಯದಲ್ಲಿರುವ ನೆಂಟರೊಬ್ಬರು ಫೋನು ಮಾಡಿ, ನಾಳೆಯಿಂದ ಈ ಬೀದಿಯಲ್ಲಿ ತಪಾಸಣೆ, ಸಿಕ್ಕಿದರೆ ನೆಂಟಸ್ತಿಕೆ ನಡೆಯುವುದಿಲ್ಲ ಎಂದಿದ್ದರು.

"ಇವತ್ತೇ ಠಾಣೆಗೆ ಕೊಟ್ಟುಬಿಡೋಣ. ಬಿಚ್ಚು."

"ಇಲ್ಲ."

"ಏನು ಇಲ್ಲ?"

"ಪಿಸ್ತೂಲು. ಬಹುಶಃ ನಮ್ಮ ರೂಮಿನಲ್ಲಿದೆ."

ಕಫೀಲರ ಮುಖ ಕೆಂಪಾಗಿ, ಆಮೇಲೆ ಬಿಳಿಯಾಯಿತು. "ಅದು ಸಿಗದಿದ್ದರೆ ನಿನ್ನ ಇಕಾಮಾ ಖಲಾಸ್. ಅರ್ಜಿ ಹರಿದು ಹಾಕುತ್ತೇನೆ." ಸಹಿ ಹಾಕಲು ಬಿಡುವಿಲ್ಲದವರಿಗೆ ಹರಿಯಲು ಬಿಡುವಿತ್ತು.

ಬ್ನೇದ್ ಅಲ್ ಗಾರಿಗೆ ಬಂದು ಮೆಟ್ಟಿಲು ಹತ್ತಿದೆವು. ಅಡುಗೆಮನೆಯಲ್ಲಿ ಪೂಜೆ ಸಿದ್ಧವಾಗಿತ್ತು. ಎಡಕ್ಕೆ ಸೌಟುಗಳು, ಬಲಕ್ಕೆ ಚೂರಿಗಳು, ನಡುವೆ ಬಾಳೆಯೆಲೆಯ ಮೇಲೆ ಪಿಸ್ತೂಲು. ಹಿಡಿಗೆ ಗಂಧ, ಮೈತುಂಬ ಕುಂಕುಮ, ಸುತ್ತ ಸೇವಂತಿಗೆ. ಊದುಬತ್ತಿ ಸಿಕ್ಕಿಸಲು ಬೇರೆ ಜಾಗ ಕಾಣದೆ ಅಣ್ಣ ಅದನ್ನು ನಳಿಗೆಗೇ ಸಿಕ್ಕಿಸಿದ್ದರು. ಆ ಪಿಸ್ತೂಲಿನ ಬಾಯಿಂದ ಹೊಗೆ ಬಂದದ್ದನ್ನು ಕಫೀಲ್ ನೋಡಿದ್ದು ಅದೇ ಮೊದಲು.

"ಇದನ್ನು ಹೇಗೆ ಬಿಚ್ಚಿದಿರಿ?" ಎಂದು ಕೇಳಿದೆ.

"ಗ್ರೈಂಡರ್ ಬಿಚ್ಚುವವನಿಗೆ ಎರಡು ಸ್ಕ್ರೂ ಎಂತ ದೊಡ್ಡದು?" ಎಂದರು ಅಣ್ಣ. ಮುಖದಲ್ಲಿ ಸಾರ್ಥಕತೆ. "ಇಷ್ಟು ವರ್ಷ ಆಯುಧ ಪೂಜೆ ಅಂತ ಹೇಳಿ ಸೌಟಿಗೆ ಆರತಿ ಎತ್ತಿದೆ ಮಾರಾಯ. ಕಾರು ಗುಡಿಸುವಾಗ ಇದು ಸಿಕ್ಕಿತು. ದೇವರೇ ಕೊಟ್ಟದ್ದು."

ಕಫೀಲ್ ಕೈ ಚಾಚಿದರು. ಅಣ್ಣ ಅಡ್ಡ ನಿಂತು ತುಳುವಿನಲ್ಲಿ, "ಇನಿ ಮುಟ್ಟರೆ ಬಲ್ಲಿ" ಎಂದರು. ಇವತ್ತು ಮುಟ್ಟಬಾರದು. ಪೂಜೆಗೆ ಕೂತ ಆಯುಧ ನಾಳೆ ವಿಜಯದಶಮಿಯ ಪೂಜೆಯಾದ ಮೇಲೆಯೇ ಏಳುವುದು. ಇದು ಅಣ್ಣನ ಕಾನೂನು. ನಾಳೆ ತಪಾಸಣೆ. ಇದು ಸರಕಾರದ ಕಾನೂನು. ಎರಡರ ನಡುವೆ ನನ್ನ ಇಕಾಮಾ.

ಅಣ್ಣನಿಗೆ ಅರಬ್ಬಿ ಬಾರದು, ಕಫೀಲರಿಗೆ ತುಳು ಬಾರದು. ನಾನು ಬಾಯಿ ತೆರೆಯುವ ಮೊದಲೇ ಅಕೌಂಟೆಂಟರು ಮುಂದೆ ಬಂದರು. ಇಪ್ಪತ್ತು ವರ್ಷ ಕುವೈತಿನಲ್ಲಿದ್ದವರು, ಅರಬ್ಬಿ ನೀರು ಕುಡಿದ ಹಾಗೆ.

"ಇವನು ಏನನ್ನುತ್ತಾನೆ?" ಎಂದು ಕಫೀಲ್ ಕೇಳಿದರು.

"ಆಯುಧ ಈಗ ದೇವರ ಎದುರು ಕೂತಿದೆಯಂತೆ," ಎಂದು ಅಕೌಂಟೆಂಟರು ಅರಬ್ಬಿಯಲ್ಲಿ ಹೇಳಿದರು. "ಅದರ ಯಜಮಾನ ಅದರ ಮುಂದೆ ಕೂತು, ಬಹಳ ದಿನದಿಂದ ಉಳಿದ ಒಂದು ಒಳ್ಳೆಯ ಕೆಲಸ ಮುಗಿಸಿದರೆ ಮಾತ್ರ ಏಳುತ್ತದಂತೆ."

ನಾನು ಬೆಚ್ಚಿ ಅವರನ್ನು ನೋಡಿದೆ. ಅವರು ನನ್ನನ್ನು ನೋಡಲಿಲ್ಲ.

"ಎಂಥ ಕೆಲಸ?" ಎಂದರು ಕಫೀಲ್.

ಅಕೌಂಟೆಂಟರು ಅಣ್ಣನ ಕಡೆ ತಿರುಗಿ ತುಳುವಿನಲ್ಲಿ, "ಪಾಯಸ ಆಯಿತಾ?" ಎಂದು ಕೇಳಿದರು.

"ಆಯಿತು. ಗೋಡಂಬಿ ಹುರಿದು ಹಾಕಲು ಬಾಕಿ ಉಂಟು," ಎಂದರು ಅಣ್ಣ, ಬಹಳ ಭಕ್ತಿಯಿಂದ.

"ಸಹಿ ಹಾಕುವಂಥ ಕೆಲಸವಾದರೆ ಉತ್ತಮವಂತೆ," ಎಂದರು ಅಕೌಂಟೆಂಟರು ಅರಬ್ಬಿಯಲ್ಲಿ. ಕಂಪನಿಯ ಕಾಗದಗಳಿದ್ದ ತಮ್ಮ ಚೀಲದಿಂದ ನನ್ನ ಅರ್ಜಿ ತೆಗೆದು ಬಾಳೆಯೆಲೆಯ ಪಕ್ಕ ಇಟ್ಟರು. ಪೆನ್ನಿಗೂ ಒಂದು ಚುಕ್ಕೆ ಕುಂಕುಮ ಹಚ್ಚಿದರು.

ಕಫೀಲ್ ಗಡಿಯಾರ ನೋಡಿದರು. ಪಿಸ್ತೂಲು ನೋಡಿದರು. ನನ್ನನ್ನು ನೋಡಿದರು. ನಾನು ಸೌಟುಗಳನ್ನು ನೋಡಿದೆ. ಕೊನೆಗೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಊದುಬತ್ತಿಯ ಹೊಗೆಯಲ್ಲಿ ಕೆಮ್ಮುತ್ತ ಸಹಿ ಹಾಕಿದರು. ಹಾಕಬೇಕಾದ ಎಲ್ಲ ಜಾಗದಲ್ಲೂ ಹಾಕಿದರು. ಹಾಕಬೇಕಿಲ್ಲದ ಒಂದು ಕಡೆಯೂ ಹಾಕಿದರು.

"ಯಲ್ಲಾ. ಈಗ ಏಳಲಿ."

ಈಗ ಅಣ್ಣನನ್ನು ಒಪ್ಪಿಸಬೇಕಿತ್ತು. ಅಕೌಂಟೆಂಟರು ತುಳುವಿಗೆ ತಿರುಗಿದರು. "ಯಜಮಾನರು ಇದನ್ನು ವಿಸರ್ಜನೆಗೆ ಕೊಂಡುಹೋಗುತ್ತಾರಂತೆ."

"ಸಮುದ್ರಕ್ಕಾ?"

"ಪೊಲೀಸ್ ಠಾಣೆಗೆ."

ಅಣ್ಣ ಯೋಚಿಸಿದರು. "ಅಲ್ಲಿಗೆ ಹೋದದ್ದು ತಿರುಗಿ ಬರುವುದುಂಟಾ?"

"ಇಲ್ಲ."

"ಹಾಗಾದರೆ ವಿಸರ್ಜನೆಯೇ. ಅಡ್ಡಿಯಿಲ್ಲ." ಅಕ್ಷತೆ ಹಾಕಿದರು, ಗಂಟೆ ಬಾರಿಸಿದರು, ಪಿಸ್ತೂಲನ್ನು ಎಲೆ ಸಮೇತ ಎತ್ತಿ ಕಫೀಲರ ಎರಡೂ ಕೈಗೆ ಕೊಟ್ಟರು. ಕಫೀಲ್ ಅದನ್ನು ಹಾಗೇ ತೊಡೆಯ ಮೇಲಿಟ್ಟುಕೊಂಡು ಠಾಣೆಯವರೆಗೆ ಬಂದರು. ಒಳಗಿನ ಅಧಿಕಾರಿ ನಳಿಗೆಯನ್ನು ಮೂಸಿ, ಇದು ಯಾವ ಹೊಸ ಬಗೆಯ ಮದ್ದು ಎಂದು ಕೇಳಿದರಂತೆ.

ನಾನು ವಾಪಸು ಬಂದಾಗ ಅಕೌಂಟೆಂಟರು ಪಾಯಸದ ಎರಡನೆಯ ಲೋಟದಲ್ಲಿದ್ದರು. ಅರ್ಜಿ ಮೇಜಿನ ಮೇಲಿತ್ತು. ಸಹಿಯನ್ನು ಬೆಳಕಿಗೆ ಹಿಡಿದು ನೋಡಿದೆ. ನಿಜವಾದದ್ದೇ.

"ನಾವು ಮಾಡಿದ್ದು ಮೋಸವಲ್ಲವಾ?" ಎಂದೆ.

"ಎಂತ ಮೋಸ?" ಎಂದರು ಅವರು. "ಪಿಸ್ತೂಲು ಮುಂದಿಟ್ಟು ಸಹಿ ಹಾಕಿಸುವುದು ಲೋಕದಲ್ಲಿ ಎಲ್ಲ ಕಡೆ ಉಂಟು. ಊದುಬತ್ತಿ ಹಚ್ಚಿ ಹಾಕಿಸಿದವರು ನಾವೇ ಮೊದಲು."